ಗಾಜಿಲ್ಲದ ಜವಾರಿ

ರಾಯಬಾಗದ ಸಂತೆಯಲ್ಲಿ ನಿಂತು ‘ಜವಾರಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜವಾರಿ ತತ್ತಿ, ಜವಾರಿ ಬದನೆಕಾಯಿ, ಜವಾರಿ ಆಕಳು. ಈ ಮಣ್ಣಿನದು, ಈ ನಾಲಿಗೆಗೆ ಒಗ್ಗಿದ್ದು ಎಂದು ಅರ್ಥ. ಅಲ್ಲಿಂದ ರೈಲು ಹತ್ತಿ ಚಿಂಚಲಿ, ಕುಡಚಿ ದಾಟಿ, ಕೃಷ್ಣೆಯ ಸೇತುವೆ ಹಾದು, ಉಗಾರ ಖುರ್ದ, ಶೇಡಬಾಳದ ಕಬ್ಬಿನ ಹೊಲಗಳ ನಡುವೆ ಸಾಗಿ ಮಿರಜದಲ್ಲಿ ಇಳಿದರೆ ಅದೇ ಮಾತು ಬೇರೊಂದು ಅರ್ಥ ತೊಡುತ್ತದೆ. ಮಿರಜ ತಂಬೂರಿ, ಸಿತಾರ ಮಾಡುವವರ ಊರು. 19ನೆಯ ಶತಮಾನದಿಂದ ಅಲ್ಲಿನ ಮನೆತನಗಳು ಈ ಕಸುಬನ್ನು ನಡೆಸಿಕೊಂಡು ಬಂದಿವೆ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಲ್ಲಿ ಜವಾರಿ ಎಂದರೆ ತಂಬೂರಿಯ ತಂತಿಗಳು ಒರಗುವ ಕುದುರೆಯ ಮೇಲ್ಮೈಗೆ ಕೊಡುವ ಬಾಗು, ಆ ಬಾಗಿನಿಂದ ತಂತಿಯಲ್ಲಿ ಏಳುವ ಝೇಂಕಾರ.

ಈ ಬಾಗು ತರುವ ಕೆಲಸ ನೋಡುವಂಥದು. ಕೊಂಬಿನ ಅಥವಾ ಮೂಳೆಯ ಅಗಲವಾದ ಕುದುರೆಯನ್ನು ಕಸುಬುದಾರರು ಅರದಿಂದ ಹಗುರಾಗಿ ಉಜ್ಜುತ್ತಾರೆ. ತಂತಿ ಏರಿಸಿ ಮೀಟಿ ಕೇಳುತ್ತಾರೆ. ತಂತಿ ಸರಿಸಿ ಮತ್ತೆ ಉಜ್ಜುತ್ತಾರೆ. ಕೂದಲೆಳೆಯಷ್ಟು ಕಡಿಮೆಯಾದರೆ ಧ್ವನಿ ತೆರೆಯುವುದಿಲ್ಲ. ಕೂದಲೆಳೆಯಷ್ಟು ಹೆಚ್ಚಾದರೆ ಒಡೆದು ಕರಕರ ಎನ್ನುತ್ತದೆ. ಕೊನೆಗೆ ತಂತಿಯ ಕೆಳಗೆ ನೂಲಿನ ಒಂದು ಎಳೆ ಇಟ್ಟು, ಅದನ್ನು ಅತ್ತಿತ್ತ ಸರಿಸಿದಾಗ ಒಂದು ಜಾಗದಲ್ಲಿ ತಂಬೂರಿ ತಾನಾಗಿ ಹಾಡತೊಡಗುತ್ತದೆ.

ಇದರ ಹಿಂದಿನ ಭೌತವಿಜ್ಞಾನವನ್ನು ಮೊದಲು ಬಿಡಿಸಿದವರಲ್ಲಿ ಸಿ. ವಿ. ರಾಮನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುವ ಹನ್ನೆರಡು ವರ್ಷ ಮೊದಲು, 1921ರಲ್ಲಿ, ಕಲ್ಕತ್ತದಲ್ಲಿದ್ದಾಗ ಅವರು ತಂಬೂರಿ, ವೀಣೆಗಳ ಮೇಲೆ ಒಂದು ಚಿಕ್ಕ ಪ್ರಬಂಧ ಬರೆದರು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೇಳಿದ ಒಂದು ನಿಯಮವಿದೆ: ಯಾವುದೋ ಒಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲೇ ತಂತಿ ಮೀಟಿದರೆ ಆ ಉಪಸ್ವರ ಕೇಳಬಾರದು. ತಂಬೂರಿಯಲ್ಲಿ ಅದು ಸೊಗಸಾಗಿ ಕೇಳುತ್ತದೆ ಎಂದು ರಾಮನ್ ತೋರಿಸಿದರು. ಬಾಗಿದ ಕುದುರೆಯ ಮೇಲೆ ತಂತಿ ಹೊರಳಿ ತಾಗುತ್ತ ಬಿಡುತ್ತ ಇರುವುದರಿಂದ, ಕಂಪನದ ಒಂದು ಪಾಲು ಮೂಲ ಸ್ವರದಿಂದ ಉಪಸ್ವರಗಳಿಗೆ ಹರಿಯುತ್ತದೆ. ಮೀಟಿದಾಗ ಇಲ್ಲದ ಸ್ವರವನ್ನು ಕುದುರೆ ಹುಟ್ಟಿಸುತ್ತದೆ.

ಮೂಲದಲ್ಲಿ ಇಲ್ಲದ್ದನ್ನು ದಾರಿಯಲ್ಲಿ ಸೇರಿಸಿದರೆ ಎಂಜಿನಿಯರುಗಳು ಅದನ್ನು ವಿಕೃತಿ ಎನ್ನುತ್ತಾರೆ. ನಾವು ಅದನ್ನು ಸಾವಿರಾರು ಕಚೇರಿಗಳಲ್ಲಿ ಕಣ್ಣುಮುಚ್ಚಿ ಕೇಳಿದ್ದೇವೆ. ಹಳೆಯ ವಾಲ್ವ್ ಸೆಟ್ಟುಗಳ ಧ್ವನಿಯನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸುವ ಐವತ್ತು ವರ್ಷಗಳ ಪ್ರಯತ್ನವನ್ನು ಅರ್ಥಮಾಡಿಕೊಳ್ಳಲು ತಂಬೂರಿ ಮಾಡುವವರ ಈ ಮಿರಜಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಮಾಡದೊಳಗಿನ ಪೆಟ್ಟಿಗೆ

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಪ್ರಸಾರ ಆರಂಭಿಸಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನ ನಮ್ಮ ಕಡೆಯ ಮನೆಗಳಿಗೆ ಬಂದದ್ದು ಆ ಅಲೆಗಳ ಮೇಲೆ, ವಾಲ್ವ್ ರೇಡಿಯೊಗಳ ಮೂಲಕ. ಕರೆಂಟು ಬಾರದ ಹಳ್ಳಿಗಳಲ್ಲಿ ಅವು 90 ವೋಲ್ಟಿನ ದೊಡ್ಡ ಡ್ರೈ ಬ್ಯಾಟರಿಯ ಮೇಲೆ ಓಡುತ್ತಿದ್ದವು. ಕರೆಂಟಿನ ಸೆಟ್ಟುಗಳಲ್ಲಿ ಗುಂಡಿ ತಿರುವಿದ ಕೂಡಲೇ ಧ್ವನಿ ಬರುತ್ತಿರಲಿಲ್ಲ. ಡಯಲಿನ ದೀಪ ಹೊತ್ತಿಕೊಂಡು, ಪೆಟ್ಟಿಗೆ ಬೆಚ್ಚಗಾಗಿ, ಅರ್ಧ ನಿಮಿಷದ ಮೇಲೆ ದೂರದಿಂದ ಯಾರೋ ನಡೆದು ಬಂದಂತೆ ದನಿ ಬರುತ್ತಿತ್ತು.

ಭಾರತ ಹುಣ್ಣಿಮೆಯ ಸುತ್ತ ಚಿಂಚಲಿಯ ಮಾಯಕ್ಕನ ಜಾತ್ರೆ. ಲಗ್ನ, ನಾಟಕ, ಭಜನೆ, ಹರಿಜಾಗರಣೆ. ಎಲ್ಲಕ್ಕೂ ಮೈಕಸೆಟ್ಟು ಬೇಕು. ಆ ಆಂಪ್ಲಿಫೈಯರಿನ ಹಿಂಬದಿಯ ಜಾಲರಿಯಲ್ಲಿ ಇಣುಕಿದರೆ ಕೆಂಡದ ಬಣ್ಣದ ಗಾಜಿನ ಬುಡ್ಡಿಗಳು. ಮುಂದೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು. ಹಗುರ, ಅಗ್ಗ, ಒಡೆಯುವ ಭಯವಿಲ್ಲ, ಬ್ಯಾಟರಿಯ ಮೇಲೆ ಇಡೀ ರಾತ್ರಿ ನಡೆಯುತ್ತವೆ. ಅನುಕೂಲಕ್ಕೆ ಯಾರೂ ಇಲ್ಲ ಎನ್ನಲಿಲ್ಲ. ಆದರೂ ಎರಡನ್ನೂ ಬಿಚ್ಚಿ ಜೋಡಿಸಿದ ರಿಪೇರಿಯವರ ಬಾಯಲ್ಲಿ ಈ ಮಾತು ಉಳಿಯಿತು: “ವಾಲ್ವಿನ ದನಿ ಮೆತ್ತಗ ತುಂಬಕೊಂಡು ಬರ್ತೈತ್ರಿ. ಟ್ರಾನ್ಸಿಸ್ಟರಿಂದು ಏರಿಸಿದ್ರ ಕಿವ್ಯಾಗ ಚುಚ್ಚತೈತಿ.”

ಈ ಮಾತಿನಲ್ಲಿ ಒಂದು ಪದ ಗಮನಿಸಿ: ‘ಏರಿಸಿದ್ರ’. ಧ್ವನಿ ಸಣ್ಣಗಿದ್ದಾಗ ದೂರಿಲ್ಲ. ಸೆಟ್ಟನ್ನು ಅದರ ಶಕ್ತಿಯ ಅಂಚಿಗೆ ದೂಡಿದಾಗ ವ್ಯತ್ಯಾಸ ಹುಟ್ಟುತ್ತದೆ. ವಿಜ್ಞಾನ ಈ ಮಾತಿನ ಹಿಂದೆ ಹೋಗಿ, ಅದನ್ನು ಅಳೆದು, ಸರಿ ಎಂದು ಹೇಳಿತು.

ಗಾಜಿನೊಳಗೆ ನಡೆಯುವುದು

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುಡ್ಡಿ. ನಡುವೆ ಕ್ಯಾಥೋಡ್ ಎಂಬ ಸಣ್ಣ ಕೊಳವೆ. ಒಳಗಿನ ಹೀಟರ್ ಅದನ್ನು ಕೆಂಪಗೆ ಕಾಯಿಸುತ್ತದೆ. ಕಾದ ಲೋಹದ ಮೇಲಿನ ಲೇಪದಿಂದ ಎಲೆಕ್ಟ್ರಾನುಗಳು ಸಿಡಿದು ಹೊರಬೀಳುತ್ತವೆ. ಸುತ್ತ ಇರುವ ಆನೋಡಿನ ಮೇಲೆ 250, 300 ವೋಲ್ಟಿನ ಧನ ಒತ್ತಡ. ಎಲೆಕ್ಟ್ರಾನುಗಳು ಅತ್ತ ಓಡುತ್ತವೆ. 1904ರಲ್ಲಿ ಫ್ಲೆಮಿಂಗ್ ಮಾಡಿದ ಬುಡ್ಡಿಯಲ್ಲಿ ಇಷ್ಟೇ ಇತ್ತು. 1906ರಲ್ಲಿ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಗ್ರಿಡ್ ಎಂಬ ತೆಳು ತಂತಿಯ ಬೇಲಿ ಹಾಕಿದರು. ಗ್ರಿಡ್ಡಿನ ಮೇಲಿನ ಸಣ್ಣ ಋಣ ವೋಲ್ಟೇಜು ಆ ದೊಡ್ಡ ಹರಿವನ್ನು ತಡೆಯುತ್ತದೆ, ಬಿಡುತ್ತದೆ. ಕಾಲುವೆಗೆ ತೂಬು ಇದ್ದಂತೆ. ತೂಬನ್ನು ಬೆರಳಿನಿಂದ ಆಡಿಸಿದರೆ ಇಡೀ ನೀರು ಆಡುತ್ತದೆ. ಅದೇ ವರ್ಧನೆ.

ಮುಖ್ಯವಾದದ್ದು ಹರಿವಿನ ರೀತಿ. ಕ್ಯಾಥೋಡಿನ ಸುತ್ತ ಎಲೆಕ್ಟ್ರಾನುಗಳ ಮೋಡ ಕವಿದಿರುತ್ತದೆ. ಅವೆಲ್ಲ ಒಂದೇ ಜಾತಿಯ ವಿದ್ಯುದಂಶ, ಒಂದನ್ನೊಂದು ದೂಡುತ್ತವೆ. ಹೊಸದಾಗಿ ಹೊರಡುವುದನ್ನು ಹಿಂದಕ್ಕೆ ನೂಕುತ್ತವೆ. ಈ ನೂಕುನುಗ್ಗಲಿನಿಂದಾಗಿ ಪ್ರವಾಹ ವೋಲ್ಟೇಜಿನ ಒಂದೂವರೆಯ ಘಾತದಂತೆ ಬೆಳೆಯುತ್ತದೆ: ವೋಲ್ಟೇಜು ನಾಲ್ಕು ಪಟ್ಟಾದರೆ ಪ್ರವಾಹ ಎಂಟು ಪಟ್ಟು. ಕಾಗದದ ಮೇಲೆ ಎಳೆದರೆ ನೆಟ್ಟಗಿನ ಗೆರೆಯೂ ಅಲ್ಲ, ತಟ್ಟನೆ ಮುರಿಯುವ ಗೆರೆಯೂ ಅಲ್ಲ. ಬಿಲ್ಲಿನ ಹಾಗೆ ಮೆಲ್ಲಗೆ ಬಾಗುವ ಗೆರೆ.

ತುದಿಗಳಲ್ಲಿಯೂ ಹಾಗೇ. ಗ್ರಿಡ್ ತೀರ ಋಣವಾದರೆ ಹರಿವು ನಿಲ್ಲುತ್ತದೆ, ನಿಲ್ಲುವ ಮೊದಲು ತಗ್ಗುತ್ತ ತಗ್ಗುತ್ತ ಹೋಗುತ್ತದೆ. ಗ್ರಿಡ್ ಧನದ ಕಡೆ ವಾಲಿದರೆ ಅದೇ ಎಲೆಕ್ಟ್ರಾನುಗಳನ್ನು ಹೀರತೊಡಗಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಎರಡು ತುದಿಯ ಬಾಗು ಒಂದೇ ಥರ ಇಲ್ಲ. ಈ ಸಮವಿಲ್ಲದ ಬಾಗು ಕಥೆಯ ಕೀಲಿ.

ಬೆಸ ಮತ್ತು ಸಮ

ಷಡ್ಜವನ್ನು 240 ಹರ್ಟ್ಜ್ ಎಂದು ಇಟ್ಟುಕೊಳ್ಳೋಣ. ಶುದ್ಧವಾದ ಆ ಒಂದೇ ಸ್ವರವನ್ನು ಬಾಗಿದ ಗೆರೆಯ ಮೂಲಕ ಹಾಯಿಸಿದರೆ ಹೊರಗೆ ಅದರ ಗುಣಕಗಳೂ, ಅಂದರೆ ಉಪಸ್ವರಗಳೂ, ಬರುತ್ತವೆ. ಎರಡನೆಯದು 480, ತಾರ ಷಡ್ಜ. ಮೂರನೆಯದು 720, ತಾರ ಪಂಚಮ. ನಾಲ್ಕನೆಯದು 960, ಮತ್ತೆ ಷಡ್ಜ. ಐದನೆಯದು 1200, ಶುದ್ಧ ಗಾಂಧಾರ. ತಂಬೂರಿಯಲ್ಲಿ ಯಾರೂ ಮೀಟದೆ ಕೇಳಿಬರುವ ಸ್ವಯಂಭೂ ಗಾಂಧಾರ ಇದೇ. ಇಲ್ಲಿಯವರೆಗೆ ಎಲ್ಲವೂ ಬಂಧುಗಳು. ಏಳನೆಯದು 1680, ಅದು ಶುದ್ಧ ಧೈವತಕ್ಕೂ ಕೋಮಲ ನಿಷಾದಕ್ಕೂ ನಡುವೆ, ಎರಡಕ್ಕೂ ಸೇರದೆ ನಿಲ್ಲುತ್ತದೆ. ಹನ್ನೊಂದನೆಯದು ಎರಡು ಮಧ್ಯಮಗಳ ನಡುವೆ, ಹದಿಮೂರನೆಯದು ಎರಡು ಧೈವತಗಳ ನಡುವೆ. ಮೇಲೆ ಹೋದಷ್ಟೂ ಸ್ವರಗಳು ಹತ್ತಿರ ಹತ್ತಿರ ಬಂದು ಒಂದಕ್ಕೊಂದು ಉಜ್ಜುತ್ತವೆ.

ಒಂದು ಸರಳ ನಿಯಮ ನೆನಪಿಡಬೇಕು. ಅಲೆಯ ಮೇಲುಭಾಗ, ಕೆಳಭಾಗ ಎರಡೂ ಒಂದೇ ಸಮ ಬಾಗಿದರೆ ಮೂರು, ಐದು, ಏಳು ಎಂಬ ಬೆಸ ಉಪಸ್ವರಗಳು ಮಾತ್ರ ಹುಟ್ಟುತ್ತವೆ. ಒಂದು ಕಡೆ ಹೆಚ್ಚು ಬಾಗಿದರೆ ಎರಡು, ನಾಲ್ಕು ಎಂಬ ಸಮ ಉಪಸ್ವರಗಳೂ ಬರುತ್ತವೆ. ಇನ್ನೊಂದು: ಬಾಗು ನಯವಾಗಿದ್ದರೆ ಕೆಳಗಿನ ಉಪಸ್ವರಗಳಲ್ಲೇ ಕಥೆ ಮುಗಿಯುತ್ತದೆ. ಗೆರೆಯಲ್ಲಿ ಚೂಪಾದ ಮೂಲೆ ಇದ್ದರೆ ಏಳು, ಒಂಬತ್ತು, ಹನ್ನೊಂದರ ಸಾಲು ಬಹಳ ದೂರ ಹೋಗುತ್ತದೆ. ಪೂರ್ತಿ ಚೌಕಾಕಾರದ ಅಲೆಯಲ್ಲಿ ಮೂರನೆಯದರ ಬಲ ಮೂಲದ ಮೂರನೇ ಒಂದು ಪಾಲು, ಐದನೆಯದರದು ಐದನೇ ಒಂದು ಪಾಲು, ಏಳನೆಯದರದು ಏಳನೇ ಒಂದು ಪಾಲು, ತೀರುವುದೇ ಇಲ್ಲ.

ಕಿವಿಗೂ ಇದರಲ್ಲಿ ಪಾಲಿದೆ. ಒಳಗಿವಿಯ ಶಂಖದಲ್ಲಿ ಧ್ವನಿ ಅಲೆಯಾಗಿ ಚಲಿಸುತ್ತದೆ ಎಂದು ತೋರಿಸಿ ಬೆಕೆಶಿ 1961ರಲ್ಲಿ ನೊಬೆಲ್ ಪಡೆದರು. ಬಲವಾದ ಸ್ವರವೊಂದು ತನ್ನ ಪಕ್ಕದ ಮೇಲಿನ ಸಣ್ಣ ಸ್ವರಗಳನ್ನು ಅಲ್ಲಿ ಮರೆಮಾಡುತ್ತದೆ. ಎರಡನೆಯ ಉಪಸ್ವರ ಮೂಲದ ನೆರಳಿನಲ್ಲಿ ಅಡಗಿ, ಬೇರೆಯಾಗಿ ಕೇಳದೆ, ಧ್ವನಿ ತುಂಬಿಕೊಂಡಂತೆ ಮಾತ್ರ ತೋರುತ್ತದೆ. ಹನ್ನೊಂದನೆಯದಕ್ಕೆ ಆ ನೆರಳು ತಲುಪುವುದಿಲ್ಲ. ಅದು ಮರೆಯಿಲ್ಲದೆ ಬಂದು ಕಿವಿಗೆ ಚುಚ್ಚುತ್ತದೆ. ‘ಮೆತ್ತಗ’, ‘ಚುಚ್ಚತೈತಿ’ ಎಂಬ ಎರಡು ಪದಗಳ ಅಳತೆ ಇದು.

ಮೂಲೆ ಎಲ್ಲಿಂದ ಬಂತು

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ನಮ್ಮಲ್ಲಿ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ನೆಲೆಗೊಂಡಿತು. 1961ರಲ್ಲಿ ಅದು ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳದು. ಒಂದೇ ವರ್ಷದ ಅಂತರ. ಬೇರೆ ದೇಶಗಳಲ್ಲಿ ವಾಲ್ವು ಅರ್ಧ ಶತಮಾನ ಆಳಿದ ಮೇಲೆ ಟ್ರಾನ್ಸಿಸ್ಟರ್ ಬಂತು. ಕರ್ನಾಟಕದ ನೆಲದಲ್ಲಿ ಎರಡೂ ಹೆಚ್ಚುಕಡಿಮೆ ಅವಳಿಗಳಾಗಿ ಬೆಳೆದವು. ನಮ್ಮ ರಿಪೇರಿಯವರು ಒಂದೇ ಮೇಜಿನ ಮೇಲೆ ಎರಡನ್ನೂ ಕೇಳಿ ತೂಗಿ ನೋಡುವ ಅವಕಾಶ ಪಡೆದದ್ದು ಹೀಗೆ.

ಟ್ರಾನ್ಸಿಸ್ಟರಿನ ಸ್ವಭಾವದ ಗೆರೆ ವಾಲ್ವಿನದಕ್ಕಿಂತ ಬಹಳ ಕಡಿದು. ಒಳಗಿನ ವೋಲ್ಟೇಜು 60 ಮಿಲಿವೋಲ್ಟ್ ಏರಿದರೆ ಸಾಕು, ಪ್ರವಾಹ ಹತ್ತು ಪಟ್ಟಾಗುತ್ತದೆ. ಬರಿಯ ಟ್ರಾನ್ಸಿಸ್ಟರಿಗೆ 10 ಮಿಲಿವೋಲ್ಟಿನ ಅಲೆ ಕೊಟ್ಟರೆ ಸುಮಾರು ಶೇ. 10ರಷ್ಟು ಎರಡನೆಯ ಉಪಸ್ವರ ಬರುತ್ತದೆ. ಇಷ್ಟು ಬಾಗಿದ ವಸ್ತುವನ್ನು ನೇರ ಮಾಡಲು ಎಂಜಿನಿಯರುಗಳು ಹಿಡಿದ ಸಾಧನ ಫೀಡ್‌ಬ್ಯಾಕ್. 1927ರ ಆಗಸ್ಟಿನ ಒಂದು ಬೆಳಗು ಹಡ್ಸನ್ ನದಿ ದಾಟುವ ದೋಣಿಯಲ್ಲಿ ಹೆರಾಲ್ಡ್ ಬ್ಲ್ಯಾಕ್ ಅದನ್ನು ಪತ್ರಿಕೆಯ ಹಾಳೆಯ ಮೇಲೆ ಗೀಚಿಕೊಂಡಿದ್ದರು. ಹೊರಬಂದ ಧ್ವನಿಯ ಒಂದು ಪಾಲನ್ನು ತಿರುವಿ ಒಳಗೆ ಕಳಿಸಿ, ಬಂದದ್ದಕ್ಕೂ ಹೋದದ್ದಕ್ಕೂ ಇರುವ ವ್ಯತ್ಯಾಸ ಕಳೆಯುವುದು ಅದರ ಉಪಾಯ. ಇದನ್ನು ಧಾರಾಳವಾಗಿ ಬಳಸಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಗೆರೆ ಕೋಲು ಹೊಡೆದಂತೆ ನೆಟ್ಟಗಾಗುತ್ತದೆ.

ಆದರೆ ಕೊಡುವ ವೋಲ್ಟೇಜು ಮುಗಿದ ಕ್ಷಣ ಫೀಡ್‌ಬ್ಯಾಕಿನ ಕೈಯೂ ಮುಗಿಯುತ್ತದೆ. ಅಲ್ಲಿಯ ತನಕ ನೆಟ್ಟಗಿದ್ದ ಗೆರೆ ಗೋಡೆಗೆ ಬಡಿದಂತೆ ತಟ್ಟನೆ ಮಡಚಿಕೊಳ್ಳುತ್ತದೆ. ಅದೇ ಚೂಪಾದ ಮೂಲೆ. ಜಾತ್ರೆಯಲ್ಲಿ ಗುಂಡಿ ತುದಿಗೆ ತಿರುವಿದಾಗ ಕಿವಿಗೆ ಚುಚ್ಚಿದ್ದು ಆ ಮೂಲೆ. ತಪ್ಪು ಟ್ರಾನ್ಸಿಸ್ಟರಿನೊಳಗಿನ ಸಿಲಿಕಾನಿನದಲ್ಲ, ಅದನ್ನು ಬಳಸಿದ ರೀತಿಯದು.

ರಸೆಲ್ ಹ್ಯಾಮ್ 1973ರಲ್ಲಿ ಧ್ವನಿ ಎಂಜಿನಿಯರುಗಳ ಪತ್ರಿಕೆಯಲ್ಲಿ ಪ್ರಕಟಿಸಿದ ಅಳತೆಗಳು ಇದನ್ನೇ ಹೇಳಿದವು. ನ್ಯೂಯಾರ್ಕಿನ ಒಂದು ಧ್ವನಿಮುದ್ರಣ ಸ್ಟುಡಿಯೊದ ಅನುಭವದಿಂದ ಹೊರಟ ಅವರು ಮೈಕ್ ಆಂಪ್ಲಿಫೈಯರುಗಳನ್ನು ಬೇಕೆಂದೇ ಅತಿಯಾಗಿ ದೂಡಿ ನೋಡಿದರು. ಟ್ರಯೋಡ್, ಅಂದರೆ ಒಂದೇ ಗ್ರಿಡ್ಡಿನ ವಾಲ್ವಿನಲ್ಲಿ ಎರಡನೆಯ ಉಪಸ್ವರ ಮುಂದೆ ಬಂತು. ಟ್ರಾನ್ಸಿಸ್ಟರಿನಲ್ಲಿ ಮೂರನೆಯದು ಎದ್ದಿತು. ಐಸಿ ಆಂಪ್ಲಿಫೈಯರುಗಳಲ್ಲಿ ಮೂರು, ಐದು, ಏಳು ಒಟ್ಟಿಗೆ ಎದ್ದವು. ಮಿತಿಯೊಳಗೆ ಇರುವಾಗ ಮೂರೂ ಹೆಚ್ಚುಕಡಿಮೆ ಒಂದೇ.

‘ವಾಲ್ವು ಎಂದರೆ ಸಮ ಉಪಸ್ವರ’ ಎಂಬ ಮಾತು ಅರ್ಧ ಸತ್ಯ ಎಂದೂ ಹೇಳಬೇಕು. ಮೈಕಸೆಟ್ಟುಗಳ ಕೊನೆಯ ಹಂತದಲ್ಲಿ ಎರಡು ವಾಲ್ವುಗಳು ಜೋಡೆತ್ತಿನಂತೆ, ಒಂದು ದೂಡಿದಾಗ ಇನ್ನೊಂದು ಎಳೆಯುತ್ತ ಕೆಲಸ ಮಾಡುತ್ತಿದ್ದವು. ಆ ಜೋಡಣೆಯಲ್ಲಿ ಸಮ ಉಪಸ್ವರಗಳು ಪರಸ್ಪರ ಕಳೆದುಹೋಗುತ್ತವೆ. ಆದರೂ ದನಿ ಮೆತ್ತಗಿತ್ತು. ಬಾಗು ನಯವಾಗಿದ್ದುದೇ ಅದಕ್ಕೆ ದೊಡ್ಡ ಕಾರಣ.

ಅರ ಹಿಡಿದ ಎಂಜಿನಿಯರುಗಳು

ಹಾಗಾದರೆ ಕೆಲಸ ಸ್ಪಷ್ಟ. ಮಿರಜದವರು ಕೊಂಬನ್ನು ಉಜ್ಜುವಂತೆ ಸಿಲಿಕಾನಿನ ಗೆರೆಯನ್ನು ಉಜ್ಜಿ ಬಾಗಿಸಬೇಕು.

ಮೊದಲ ದಾರಿ, ಸ್ವಭಾವದಲ್ಲೇ ವಾಲ್ವಿಗೆ ಹತ್ತಿರವಾದ ವಸ್ತುವನ್ನು ಆರಿಸುವುದು. ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರಿನಲ್ಲಿ ಗೇಟಿನ ಋಣ ವೋಲ್ಟೇಜು ಹರಿವಿನ ದಾರಿಯನ್ನು ಕಿರಿದು ಮಾಡುತ್ತದೆ. ಗ್ರಿಡ್ಡಿನ ಕೆಲಸವೇ ಅದು. ಅದರ ಪ್ರವಾಹ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ: ಎರಡು ಪಟ್ಟಿಗೆ ನಾಲ್ಕು ಪಟ್ಟು. ವಾಲ್ವಿನ ಒಂದೂವರೆಯ ಘಾತಕ್ಕೆ ಇದು ದಾಯಾದಿ. ಪೂರ್ಣ ವರ್ಗದ ಗೆರೆಯಿಂದ ಎರಡನೆಯ ಉಪಸ್ವರ ಬಿಟ್ಟು ಬೇರೆ ಹುಟ್ಟುವುದೇ ಇಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಟೆಲಿಡೈನ್ ಕಂಪನಿ ಜೆಫೆಟ್‌ಗಳನ್ನು ಲೋಹದ ಡಬ್ಬಿಯಲ್ಲಿಟ್ಟು, ವಾಲ್ವಿನ ಕಾಲುಗಳನ್ನೇ ಜೋಡಿಸಿ, ಫೆಟ್ರಾನ್ ಎಂಬ ಹೆಸರಿನಲ್ಲಿ ಮಾರಿತು. ಟೆಲಿಫೋನ್ ಯಂತ್ರಗಳ ಹಳೆಯ ವಾಲ್ವ್ ಕಿತ್ತು ಅದೇ ಗೂಡಿನಲ್ಲಿ ಕೂರಿಸುವುದಕ್ಕೆ ಮಾಡಿದ್ದು ಅದು. ಗಿಟಾರಿನ ಆಂಪ್ಲಿಫೈಯರಿಗೂ ನಡೆದು ಹೋಯಿತು.

ಎರಡನೆಯ ದಾರಿ, ಮೂಲೆಯನ್ನು ದುಂಡಗೆ ಮಾಡುವುದು. ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟಿನ ತನಕ ಬಾಗಿಲು ಮುಚ್ಚಿಕೊಂಡಿದ್ದು, ಅಲ್ಲಿಂದ ಮುಂದೆ ಮೆಲ್ಲಗೆ ತೆರೆಯುತ್ತದೆ. ಜರ್ಮೇನಿಯಂ ಡಯೋಡು 0.3ರ ಸುತ್ತಲೇ ತೆರೆಯತೊಡಗುತ್ತದೆ. ಐಸಿ ಆಂಪ್ಲಿಫೈಯರಿನ ಫೀಡ್‌ಬ್ಯಾಕ್ ದಾರಿಯಲ್ಲಿ ಇಂಥ ಎರಡು ಡಯೋಡುಗಳನ್ನು ಎದುರುಬದುರು ಇಟ್ಟರೆ, ಅಲೆ ದೊಡ್ಡದಾದಂತೆ ಅವು ತೆರೆದು ವರ್ಧನೆಯನ್ನು ತಾವೇ ತಗ್ಗಿಸುತ್ತವೆ. ಗೋಡೆ ಇದ್ದಲ್ಲಿ ಇಳಿಜಾರು ಬರುತ್ತದೆ. ಜಪಾನಿನ ಐಬನೆಜ್ ಕಂಪನಿ 1970ರ ದಶಕದ ಕೊನೆಯಲ್ಲಿ ಹೊರತಂದ ‘ಟ್ಯೂಬ್ ಸ್ಕ್ರೀಮರ್’ ಎಂಬ ಗಿಟಾರಿನ ಹಸಿರು ಪೆಟ್ಟಿಗೆಯ ಎದೆಯಲ್ಲಿ ಇರುವುದು ಈ ಜೋಡಿ. ಬಾಸ್ ಕಂಪನಿ ಇನ್ನೊಂದು ಹೆಜ್ಜೆ ಹಾಕಿತು: ಒಂದು ದಿಕ್ಕಿಗೆ ಎರಡು ಡಯೋಡು, ಇನ್ನೊಂದಕ್ಕೆ ಒಂದೇ. ಮೇಲಿನ ಬಾಗು ಬೇರೆ, ಕೆಳಗಿನ ಬಾಗು ಬೇರೆ. ಸಮ ಉಪಸ್ವರಗಳು ಮರಳಿ ಬಂದವು.

ಮೂರನೆಯದು ಕಾಲಕ್ಕೆ ಸೇರಿದ್ದು. ವಾಲ್ವ್ ಸೆಟ್ಟಿನಲ್ಲಿ ಎಸಿಯನ್ನು ಡಿಸಿ ಮಾಡುವುದೂ ಎಷ್ಟೋ ಸಲ ವಾಲ್ವೇ. ಅದಕ್ಕೆ ಒಳಗೊಳಗೇ ತಡೆ ಹೆಚ್ಚು. ಹಾಡುಗಾರ ಮೇಲಿನ ಷಡ್ಜಕ್ಕೆ ಏರಿದಾಗ, ಡೊಳ್ಳಿಗೆ ಪೆಟ್ಟು ಬಿದ್ದಾಗ, ಪ್ರವಾಹ ಹೆಚ್ಚಾಗಿ ಒಳಗಿನ ವೋಲ್ಟೇಜು ಹತ್ತಾರು ವೋಲ್ಟ್ ಕುಸಿಯುತ್ತದೆ. ಕಂಡೆನ್ಸರ್ ತುಂಬುತ್ತಿದ್ದಂತೆ ಮತ್ತೆ ಏರುತ್ತದೆ. ಪೆಟ್ಟಿನ ಮೊನೆ ತಗ್ಗಿ, ಅದರ ಹಿಂದಿನ ಗುಂಯ್‌ಗುಡುವಿಕೆ ಮೇಲೇಳುತ್ತದೆ. ದನಿ ಉಸಿರಾಡಿದ ಹಾಗೆ ಕೇಳುತ್ತದೆ. ಟ್ರಾನ್ಸಿಸ್ಟರ್ ಸೆಟ್ಟಿನ ಗಟ್ಟಿ ಪವರ್ ಸಪ್ಲೈ ಹೀಗೆ ಕುಸಿಯುವುದಿಲ್ಲ. ಅದನ್ನು ಅನುಕರಿಸಲು ಧ್ವನಿಯ ಮಟ್ಟ ನೋಡಿಕೊಂಡು ವರ್ಧನೆಯನ್ನು ತುಸು ತಗ್ಗಿಸಿ ಬಿಡುವ ಪ್ರತ್ಯೇಕ ಸರ್ಕ್ಯೂಟು ಬೇಕು.

ನಾಲ್ಕನೆಯದು, ಸುಲಭವಾಗಿ ಕಣ್ಣಿಗೆ ಬೀಳದ್ದು: ಸ್ಪೀಕರ್. ಅದರ ಹಿಂದೆ ‘8 ಓಮ್’ ಎಂದು ಬರೆದಿದ್ದರೂ ಆ ಸಂಖ್ಯೆ ಎಲ್ಲ ಸ್ವರಗಳಿಗೂ ಒಂದೇ ಅಲ್ಲ. ಕಾಗದದ ಶಂಕು ತಾನಾಗಿ ತೂಗುವ ತಗ್ಗು ಸ್ವರದಲ್ಲಿ ಅದು 40 ಓಮ್ ಮುಟ್ಟಬಹುದು. ವಾಲ್ವ್ ಸೆಟ್ಟಿನ ಹೊರದಾರಿಯ ತಡೆ 4 ಓಮ್ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಸಾಮಾನ್ಯ ಸ್ವರಕ್ಕೆ ಸ್ಪೀಕರಿಗೆ ಸಿಗುವುದು ಹನ್ನೆರಡರಲ್ಲಿ ಎಂಟು ಪಾಲು, ಅಂದರೆ ಶೇ. 67. ಆ ತಗ್ಗು ಸ್ವರಕ್ಕೆ ಸಿಗುವುದು ನಲವತ್ನಾಲ್ಕರಲ್ಲಿ ನಲವತ್ತು, ಶೇ. 91. ಸುಮಾರು 2.7 ಡೆಸಿಬೆಲ್ ಏರಿಕೆ, ಕಿವಿಗೆ ಸ್ಪಷ್ಟವಾಗಿ ತಿಳಿಯುವಷ್ಟು. ಟ್ರಾನ್ಸಿಸ್ಟರ್ ಸೆಟ್ಟಿನ ತಡೆ 0.1 ಓಮ್ ಆದರೆ ಈ ಏರಿಕೆ 0.1 ಡೆಸಿಬೆಲನ್ನೂ ಮುಟ್ಟುವುದಿಲ್ಲ. ‘ತುಂಬಕೊಂಡು ಬರ್ತೈತಿ’ ಎನ್ನುವುದರ ಒಂದು ದೊಡ್ಡ ಪಾಲು ಉಪಸ್ವರಗಳಲ್ಲಿ ಇರಲೇ ಇಲ್ಲ. ಆಂಪ್ಲಿಫೈಯರ್ ಮತ್ತು ಸ್ಪೀಕರಿನ ನಂಟಿನಲ್ಲಿತ್ತು.

ಸಾಂಟಾ ಫೇದ ಎರಡು ದಿನ

ಇದನ್ನೆಲ್ಲ ಒಂದೇ ಪರೀಕ್ಷೆಯಲ್ಲಿ ಒರೆಗೆ ಹಚ್ಚಿದವರು ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್. 1985ರಲ್ಲಿ ಅವರು ‘ಸ್ಟೀರಿಯೊಫೈಲ್’ ಪತ್ರಿಕೆಯವರ ಮುಂದೆ ಒಂದು ಪಂಥ ಇಟ್ಟರು: ನೀವು ಮೆಚ್ಚಿದ ಯಾವುದೇ ದುಬಾರಿ ಆಂಪ್ಲಿಫೈಯರನ್ನು ಕೊಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಸೆಟ್ಟಿನಿಂದ ಅದೇ ಧ್ವನಿ ಹೊರಡಿಸುತ್ತೇನೆ. ಅವರು ಕೊಟ್ಟದ್ದು ದೊಡ್ಡದೊಂದು ವಾಲ್ವ್ ಆಂಪ್ಲಿಫೈಯರ್. ನ್ಯೂ ಮೆಕ್ಸಿಕೊದ ಸಾಂಟಾ ಫೇ ಪಟ್ಟಣದ ಹೋಟೆಲು ಕೋಣೆಯಲ್ಲಿ ಕಾರ್ವರ್ ಕೆಲಸಕ್ಕೆ ಕೂತರು.

ಅವರ ವಿಧಾನ ಮಕ್ಕಳಿಗೂ ತಿಳಿಯುವಷ್ಟು ಸರಳ. ಎರಡೂ ಸೆಟ್ಟಿಗೆ ಒಂದೇ ಸಂಗೀತ ಕೊಡು, ಒಂದರ ಹೊರಧ್ವನಿಯಿಂದ ಇನ್ನೊಂದರದನ್ನು ಕಳೆ, ಉಳಿದದ್ದನ್ನು ಕೇಳು. ಎರಡೂ ಒಂದೇ ಆದರೆ ಮೌನ ಉಳಿಯಬೇಕು. ಮೌನ ಬಾರದಿದ್ದಲ್ಲಿ ರೆಸಿಸ್ಟರ್, ಕಂಡೆನ್ಸರ್ ಬದಲಿಸು; ಮತ್ತೆ ಕಳೆದು ಕೇಳು. ಹೊರದಾರಿಯ ತಡೆಯನ್ನು ಏರಿಸಿದ್ದು ಅವರು ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು. ಕೊನೆಗೆ ಉಳಿದ ವ್ಯತ್ಯಾಸ ಸುಮಾರು 70 ಡೆಸಿಬೆಲ್ ಕೆಳಗೆ ಹೋಯಿತು, ಅಂದರೆ ಮೂಲ ಧ್ವನಿಯ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು. ಪತ್ರಿಕೆಯವರು ತಮ್ಮದೇ ಸ್ಪೀಕರುಗಳಲ್ಲಿ ಕೇಳಿದರು. ವ್ಯತ್ಯಾಸ ಹಿಡಿಯಲು ಅವರಿಂದ ಆಗಲಿಲ್ಲ.

ಕಸುಬುಗಾರ ತಂತಿ ಮೀಟಿ, ಕೇಳಿ, ಉಜ್ಜಿ, ಮತ್ತೆ ಮೀಟಿ ನೋಡುವುದಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಒಬ್ಬರ ಕೈಯಲ್ಲಿ ಅರ, ಇನ್ನೊಬ್ಬರ ಕೈಯಲ್ಲಿ ಕಾವೇರಿದ ಸೋಲ್ಡರ್ ಕಡ್ಡಿ. ಕಿವಿ ಮಾತ್ರ ಒಂದೇ.

ಲೆಕ್ಕದೊಳಗಿನ ಬಾಗು

1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ ವಾಲ್ವಿನ ಬಾಗನ್ನೂ ಸ್ಪೀಕರಿನ ಸ್ವಭಾವವನ್ನೂ ಒಂದೇ ಕೈಪೆಟ್ಟಿಗೆಯಲ್ಲಿ ಸೇರಿಸಿ ‘ಸ್ಯಾನ್ಸ್‌ಆಂಪ್’ ಮಾಡಿದರು. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’ ಎಂಬ ಕೆಂಪು ಪೆಟ್ಟಿಗೆ ಬಂತು; ಅದರಲ್ಲಿ ಬಾಗನ್ನು ಡಯೋಡು ಮಾಡುತ್ತಿರಲಿಲ್ಲ, ಕಂಪ್ಯೂಟರ್ ಚಿಪ್ಪಿನ ಲೆಕ್ಕ ಮಾಡುತ್ತಿತ್ತು. ಈಗ ನಿಜವಾದ ವಾಲ್ವ್ ಸೆಟ್ಟಿಗೆ ಧ್ವನಿ ಕೊಟ್ಟು, ಹೊರಬಂದದ್ದನ್ನು ಕೇಳಿ ಕಲಿಯುವ ನ್ಯೂರಲ್ ನೆಟ್‌ವರ್ಕುಗಳೂ ಬಂದಿವೆ.

ಲೆಕ್ಕಕ್ಕೂ ತನ್ನದೇ ಮುಳ್ಳಿದೆ. ಡಿಜಿಟಲ್ ಧ್ವನಿ ಸೆಕೆಂಡಿಗೆ 44,100 ಬಾರಿ ಅಲೆಯನ್ನು ಅಳೆಯುತ್ತದೆ. ಅದರ ಅರ್ಧಕ್ಕಿಂತ ಮೇಲಿನ ಕಂಪನಕ್ಕೆ ಅಲ್ಲಿ ಜಾಗವಿಲ್ಲ. ಬಾಗಿನಿಂದ 30,000 ಹರ್ಟ್ಜಿನ ಉಪಸ್ವರ ಹುಟ್ಟಿದರೆ ಅದು ಕನ್ನಡಿಗೆ ಬಡಿದಂತೆ ಮಡಚಿ 14,100ಕ್ಕೆ ಬಂದು ಬೀಳುತ್ತದೆ. ಅದು ಯಾವ ಸ್ವರದ ಬಂಧುವೂ ಅಲ್ಲ. ಹಾಗಾಗಿ ಅಳತೆಯ ವೇಗವನ್ನು ಹಲವು ಪಟ್ಟು ಏರಿಸಿ, ಬಾಗಿಸಿ, ಸೋಸಿ, ಮತ್ತೆ ಇಳಿಸಬೇಕು. ವಾಲ್ವಿಗೆ ಈ ತೊಂದರೆಯೇ ಇರಲಿಲ್ಲ.

ತಂಬೂರಿಗೂ ಇದೇ ಹಾದಿ ತೆರೆಯಿತು. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಗೀತ ಕಲಿಯುವ ಮನೆಮನೆಗೂ ಮುಟ್ಟಿಸಿತು. ಸೋರೆಬುರುಡೆ ಇಲ್ಲ, ತಂತಿ ಇಲ್ಲ. ಝೇಂಕಾರ ಮಾತ್ರ ಇದೆ. ಒಂದು ಜವಾರಿಯನ್ನು ಅರೆವಾಹಕಕ್ಕೆ ಕಲಿಸಿದ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ.

ಒಂಬತ್ತು ವೋಲ್ಟಿನ ಪಾಠ

ಹಳೆಯ ವಾಲ್ವ್ ಸೆಟ್ಟು ಸಿಕ್ಕರೆ ಬಿಚ್ಚಿ ನೋಡುವ ಆಸೆ ಯಾರಿಗಾದರೂ ಆಗುತ್ತದೆ. ಒಳಗೆ 300 ವೋಲ್ಟ್ ಇದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಕಾದು ಕೂತಿರುತ್ತದೆ. ಬಲ್ಲವರಿಲ್ಲದೆ ಕೈ ಹಾಕಬೇಡಿ. ಅದೇ ಪಾಠವನ್ನು 9 ವೋಲ್ಟಿನ ಬ್ಯಾಟರಿಯಲ್ಲಿ ನಿರ್ಭಯವಾಗಿ ಕಲಿಯಬಹುದು. ನಮ್ಮ ಡಿಪ್ಲೊಮಾ ಪ್ರಯೋಗಾಲಯಗಳಲ್ಲಿ ಎಲ್ಲರೂ ಕಂಡಿರುವ ಬಿಎಫ್‌ಡಬ್ಲ್ಯು10 ಅಥವಾ ಅಂಥ ಇನ್ನೊಂದು ಜೆಫೆಟ್, ಎರಡು ಮೂರು ರೆಸಿಸ್ಟರು, ಎರಡು ಕಂಡೆನ್ಸರು, ಸೋರ್ಸಿನ ಕಾಲಿಗೆ ಒಂದು ಪ್ರಿಸೆಟ್. ಮೊಬೈಲಿನಿಂದ 240 ಹರ್ಟ್ಜಿನ ಒಂದೇ ಸ್ವರ ಕೊಡಿ, ಹೊರಬಂದದ್ದನ್ನು ಆಂಪ್ಲಿಫೈಯರ್ ಇರುವ ಸಣ್ಣ ಸ್ಪೀಕರಿನಲ್ಲಿ ಕೇಳಿ.

ಸ್ಕ್ರೂಡ್ರೈವರಿನಿಂದ ಪ್ರಿಸೆಟ್ಟನ್ನು ಒಂದಿಷ್ಟೇ ತಿರುಗಿಸಿ. ಗೆರೆಯ ಯಾವ ಭಾಗದ ಮೇಲೆ ಅಲೆ ಕುಣಿಯಬೇಕು ಎಂದು ನೀವು ನಿರ್ಧರಿಸುತ್ತಿದ್ದೀರಿ. ಒಂದು ಕಡೆ ತಿರುಗಿದರೆ ಸ್ವರ ಬೋಳು ಬೋಳಾಗಿ ಬರುತ್ತದೆ. ಇನ್ನೊಂದು ಕಡೆ ಮಿತಿ ಮೀರಿದರೆ ಅಲೆ ಕತ್ತರಿಸಿ ಮೂಗಿನ ದನಿಯಾಗುತ್ತದೆ. ನಡುವೆ ಎಲ್ಲೋ ಒಂದು ಜಾಗವಿದೆ. ಅಲ್ಲಿ ಆ ಒಂಟಿ ಷಡ್ಜದ ಬೆನ್ನಿಗೆ ತಾರ ಷಡ್ಜ ಬಂದು ನಿಲ್ಲುತ್ತದೆ. ನೀವು ಕೊಡದೆ ಇದ್ದ ಸ್ವರ. ಅದನ್ನು ಹುಡುಕಲು ಮೀಟರು ನೋಡಬೇಕಿಲ್ಲ. ಕೈ ನಿಧಾನವಾಗುತ್ತದೆ, ಉಸಿರು ಬಿಗಿಯಾಗುತ್ತದೆ, ಕಿವಿ ಮುಂದಕ್ಕೆ ಬಾಗುತ್ತದೆ. ಮಿರಜದಲ್ಲಿ ತಂಬೂರಿಯ ಮೇಲೆ ನೂಲಿನ ಎಳೆ ಸರಿಸುವವರ ಭಂಗಿಯೂ ಇದೇ.